ಬ್ಯಾಡಗಿಯ ಮೂಗು

ಶಾಂತಾ ಹಗೆ ಸಾಧಿಸುವ ಹೆಂಗಸು. ಇದನ್ನು ಮೆದುವಾಗಿ ಹೇಳುವ ದಾರಿಗಳಿವೆ. ಸ್ವಾಭಿಮಾನಿ ಎನ್ನಬಹುದು, ನೊಂದವಳು ಎನ್ನಬಹುದು. ವಡೋದರಾದ ಕನ್ನಡ ಕುಟುಂಬಗಳಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಬ್ಯಾಂಕ್ ಮ್ಯಾನೇಜರರ ಹೆಂಡತಿ ಇಂದಿರಾ ಒಮ್ಮೆ ಕನ್ನಡ ಸಂಘದ ಊಟಕ್ಕೆ ಶಾಂತಾ ಕುಟ್ಟಿ ಕಳಿಸಿದ್ದ ಮಸಾಲೆಯನ್ನು ತನ್ನದೆಂದು ಹೇಳಿಕೊಂಡಳು. ಅದು ತೊಂಬತ್ತಾರನೆಯ ಇಸವಿ. ಅಲ್ಲಿಂದ ಆರು ವರ್ಷ, ಇಂದಿರಾಳ ಗಂಡನಿಗೆ ಸೂರತ್ತಿಗೆ ವರ್ಗವಾಗಿ ಅವರು ಲಾರಿಗೆ ಸಾಮಾನು ಹೇರಿಸಿದ ದಿನದವರೆಗೂ ಶಾಂತಾ ಅವಳೊಡನೆ ಒಂದು ಮಾತಾಡಲಿಲ್ಲ. ಹೊರಡುವ ಬೆಳಿಗ್ಗೆ ಇಂದಿರಾ ತಾನಾಗಿ ಬಂದು ಬಾಗಿಲು ತಟ್ಟಿದಳು. ಶಾಂತಾ ಬಾಗಿಲು ತೆರೆದಳು, ಒಂದು ಚೊಂಬು ನೀರು ಕೊಟ್ಟಳು, ಅವಳು ಕುಡಿದು ಮುಗಿಸುವವರೆಗೆ ನಿಂತಿದ್ದಳು, ಚೊಂಬು ಹಿಂದಕ್ಕೆ ಪಡೆದು ಬಾಗಿಲು ಹಾಕಿಕೊಂಡಳು. 'ಆಕಿ ಹೊಟ್ಟ್ಯಾಗ ಕಲ್ಲೈತ್ರಿ,' ಎಂದು ಇಂದಿರಾ ಸೂರತ್ತಿನ ಕತಾರ್‌ಗಾಮಿನ ಹೊಸ ಮನೆಗೆ ಹೋದ ಮೇಲೂ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಶಾಂತಾ ಹುಟ್ಟಿದ್ದು ಬ್ಯಾಡಗಿಯಲ್ಲಿ. ತಂದೆ ಮೆಣಸಿನಕಾಯಿ ದಲಾಲಿ. ಗೋದಾಮಿನಲ್ಲಿ ಸಾಲಾಗಿ ನಿಂತ ಚೀಲಗಳ ನಡುವೆ ಒಂಬತ್ತು ವರ್ಷದ ಹುಡುಗಿ ಸುಮ್ಮನೆ ನಡೆದು ಹೋಗುತ್ತಿದ್ದಳು. ಹೋಗುತ್ತಾ ಒಂದು ಚೀಲದ ಮುಂದೆ ನಿಂತು, ಇದರೊಳಗೆ ತೇವ ಇದೆ ಎನ್ನುತ್ತಿದ್ದಳು. ಬಾಯಿ ಬಿಚ್ಚಿದರೆ ಮೇಲೆಲ್ಲ ಕೆಂಪು, ಗರಿಗರಿ. ಮೊಣಕೈಯವರೆಗೆ ಕೈ ಇಳಿಸಿದರೆ ತಳದಲ್ಲಿ ಬೂಷ್ಟು. ತಂದೆ ಒಂದು ದಿನವೂ ಹೊಗಳಲಿಲ್ಲ. ಆದರೆ ಸರಕು ಬಂದ ದಿನಗಳಲ್ಲಿ ಅವಳನ್ನು ಶಾಲೆ ಬಿಡಿಸಿ ಕರೆದೊಯ್ಯುತ್ತಿದ್ದ. ಅವಳು ದೊಡ್ಡವಳಾದ ಮೇಲೆ ಅದೂ ನಿಂತಿತು. ವ್ಯಾಪಾರಿಗಳ ನಡುವೆ ವಯಸ್ಸಿಗೆ ಬಂದ ಹುಡುಗಿ ನಿಲ್ಲುವುದು ಚೆನ್ನಲ್ಲ ಎಂದು ಮನೆಯವರು ತೀರ್ಮಾನಿಸಿದರು. ಆ ಮೂಗು ಅಡುಗೆಮನೆಗೆ ಬಂತು.

ಎಪ್ಪತ್ತೇಳರಲ್ಲಿ ಅವಳನ್ನು ರಾಣೆಬೆನ್ನೂರಿನ ಹಾಲಪ್ಪನಿಗೆ ಕೊಟ್ಟರು. ಹುಡುಗ ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದ್ದಾನೆ, ಬೆಂಗಳೂರಿನ ಬಿಸ್ಕತ್ತು ಕಂಪನಿಯಲ್ಲಿ ಕೆಲಸ ಎಂದು ಹೇಳಿದ್ದರು. ಮದುವೆಯಾಗಿ ಮೂರನೆಯ ವಾರ, ಅವನ ಅಂಗಿ ಒಗೆಯುವಾಗ ಬಂದ ಹುಳಿ ವಾಸನೆಯಿಂದ ಶಾಂತಾಳಿಗೆ ಅದು ಬಿಸ್ಕತ್ತಲ್ಲವೆಂದು ತಿಳಿಯಿತು. ಅವನಿದ್ದುದು ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ. ಲಿಂಗ ಕಟ್ಟಿದ ಮನೆತನದವಳು. ಯಾರ ಮುಂದೆಯೂ ಬಾಯಿಬಿಡುವಂತಿರಲಿಲ್ಲ. ಮರುವರ್ಷ ಕಂಪನಿ ಅವನನ್ನು ಆರು ತಿಂಗಳು ಇಂಗ್ಲೆಂಡಿಗೆ ಕಳಿಸಿತು. ಅವನು ಎರಡು ಸೂಟು ಮತ್ತು ಒಂದು ಚಾಳಿ ಹೊತ್ತು ಬಂದ. ನಾಲಿಗೆಗೆ ತಾಗಿದ್ದಕ್ಕೆಲ್ಲ ಹತ್ತಕ್ಕೆ ಇಂತಿಷ್ಟು ಎಂದು ಅಂಕ ಕೊಡುವ ಚಾಳಿ. 'ಸಾರು ಐದೂವರಿ. ಜೀರಗಿ ಹೊತ್ತೇತಿ.' 'ಪಲ್ಯ ಆರು.' ಇಪ್ಪತ್ತಾರು ವರ್ಷಗಳಲ್ಲಿ ಏಳನ್ನು ಯಾವ ಅಡುಗೆಯೂ ದಾಟಲಿಲ್ಲ.

ಎಂಬತ್ನಾಲ್ಕರಲ್ಲಿ ಅವನಿಗೆ ವಡೋದರಾದ ಮಕರಪುರದಲ್ಲಿ ಎಸೆನ್ಸ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ರುಚಿ ವಿಭಾಗದ ಮುಖ್ಯಸ್ಥನ ಕೆಲಸ ಸಿಕ್ಕಿತು. ಬಿಸ್ಕತ್ತಿಗೆ ಏಲಕ್ಕಿ, ಕೆಮ್ಮಿನ ಔಷಧಕ್ಕೆ ರಾಸ್ಪ್‌ಬೆರಿ, ಐಸ್‌ಕ್ರೀಮಿಗೆ ಮಾವು ಕಾಣದ ಮಾವು. ಮದ್ಯ ಮಾಡುವವನು ಪಾನನಿಷೇಧದ ರಾಜ್ಯಕ್ಕೆ ಬಂದದ್ದನ್ನು ಅವನು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದ. ಶಾಂತಾಳಿಗೆ ಅದು ಬಿಡುಗಡೆ. ಊರಿಗೆ ಬರೆಯುವ ಕಾಗದದಲ್ಲಿ ಕೊನೆಗೂ ಸುಳ್ಳು ಬರೆಯಬೇಕಾಗಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಕಾರ್ಖಾನೆ ತನ್ನ ಕಾಲೊನಿಯ ಹೆಂಗಸರಿಂದ ಐದು ಜನ ರುಚಿಗಾರರನ್ನು ಆರಿಸಲು ಹೊರಟಿತು. ಪರೀಕ್ಷೆ ಸರಳ. ಮೂರು ಲೋಟ ಇಡುತ್ತಾರೆ. ಎರಡರಲ್ಲಿರುವುದು ಒಂದೇ, ಮೂರನೆಯದು ಕೂದಲೆಳೆಯಷ್ಟು ಬೇರೆ. ಬೇರೆಯದನ್ನು ಗುರುತಿಸಬೇಕು. ಹೀಗೆ ಇಪ್ಪತ್ತು ಸಲ. ಶಾಂತಾ ಹೋದಳು. ಮೂವತ್ತು ಹೆಂಗಸರ ನಡುವೆ ಕೂತು, ಯಾವ ಲೋಟವನ್ನೂ ಎರಡನೆಯ ಸಲ ಮೂಸದೆ ಮುಗಿಸಿದಳು. ಸಂಜೆ ಹಾಲಪ್ಪ ಓದಿದ ಐದು ಹೆಸರುಗಳಲ್ಲಿ ಅವಳದಿರಲಿಲ್ಲ. 'ಹೆಂಡ್ತೀನ್ನ ತುಂಬ್ಕೊಂಡಾನ ಅಂತಾರ ಮಂದಿ,' ಎಂದು ಮನೆಯಲ್ಲಿ ಹೇಳಿದ. ಅದನ್ನು ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಎರಡು ದಿನದ ಮೇಲೆ ಅವನ ಕೈಚೀಲದಲ್ಲಿ ಫಲಿತಾಂಶದ ಹಾಳೆ ಕಣ್ಣಿಗೆ ಬಿತ್ತು. ಅವಳ ಹೆಸರಿನ ಮುಂದೆ ತಪ್ಪು ಉತ್ತರವೆಂದು ಹಾಕಿದ ಒಂಬತ್ತು ಕಾಟುಗಳಿದ್ದವು, ಅವನದೇ ಕೈಯಿಂದ. ಅವಳು ಹಾಳೆ ಮಡಚಿ ಇದ್ದಲ್ಲೇ ಇಟ್ಟಳು. ಅದರ ಬಗ್ಗೆ ಹದಿನಾಲ್ಕು ವರ್ಷ ಒಂದು ಮಾತೂ ಆಡಲಿಲ್ಲ. ಒಂದು ದಿನವೂ ಮರೆಯಲಿಲ್ಲ.

ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ ಫತೇಗಂಜ್ ಹತ್ತಿರ ಹಾಲಪ್ಪನ ಸ್ಕೂಟರ್ ಜಾರಿತು. ತಲೆಯ ಹಿಂಭಾಗಕ್ಕೆ ನಾಲ್ಕು ಹೊಲಿಗೆ. ಎರಡು ದಿನದಲ್ಲಿ ಮನೆಗೆ ಬಂದ, ವಾರದಲ್ಲಿ ಕೆಲಸಕ್ಕೆ ಹೋದ. ಏಪ್ರಿಲ್‌ನಲ್ಲಿ ತುಪ್ಪದ ಡಬ್ಬಿಯೊಂದು ಬಿಸಿಲಿಗೆ ಕಮಟು ಹಿಡಿದಿತ್ತು. ಶಾಂತಾ ಅದನ್ನು ಚೆಲ್ಲಲೆಂದು ತೆಗೆದಿಟ್ಟಿದ್ದಳು. ಹಾಲಪ್ಪ ತಾನೇ ಎಳೆದುಕೊಂಡು ಮೂರು ರೊಟ್ಟಿಗೆ ಸವರಿ ತಿಂದೆದ್ದ. ಅಂಗಡಿಯ ತುಪ್ಪವನ್ನು ಮುಚ್ಚಳ ತೆರೆದು ಮಾತಾಡದೆ ಹಿಂದಕ್ಕೆ ಕೊಡುತ್ತಿದ್ದವನು ಅವನು. ಇನ್ನೊಂದು ದಿನ ಹಾಲು ಉಕ್ಕಿ ಒಲೆಯ ಮೇಲೆ ಸೀದು, ಪಕ್ಕದ ಮನೆಯ ಗುಜರಾತಿ ಮುದುಕಿ ಬಂದು ಕೇಳಿಹೋದಳು. ಹಾಲಪ್ಪ ಹಜಾರದಲ್ಲಿ ಪೇಪರ್ ಓದುತ್ತಲೇ ಇದ್ದ. ಮಾರನೆಯ ದಿನ ಶಾಂತಾ ಸಾರಿಗೆ ಇಂಗು ಹಾಕಲಿಲ್ಲ.

'ಇಂಗು ಜಾಸ್ತಿ ಆತು,' ಎಂದ ಹಾಲಪ್ಪ. 'ಐದು.'

ನಾಲಿಗೆ ನೆಟ್ಟಗಿತ್ತು. ಉಪ್ಪು, ಹುಳಿ, ಸಿಹಿ, ಕಹಿ ಇವಿಷ್ಟು ಅವನಿಗೆ ತಿಳಿಯುತ್ತಿದ್ದವು. ಉಳಿದದ್ದೆಲ್ಲ ಮೂಗಿನ ಕೆಲಸ, ಆ ಮೂಗು ಸತ್ತಿತ್ತು. ಆಮೇಲೆ ಐದು ತಿಂಗಳು ಶಾಂತಾ ದಿನಕ್ಕೊಂದು ವಸ್ತು ಬಿಟ್ಟು ಅಡುಗೆ ಮಾಡಿದಳು. ಒಂದು ದಿನ ಕೊತ್ತಂಬರಿ ಇಲ್ಲ, ಒಂದು ದಿನ ಬೆಳ್ಳುಳ್ಳಿ ಇಲ್ಲ. ಅವನು ಕತ್ತಲಲ್ಲಿ ಕಲ್ಲೆಸೆಯುವವನ ಹಾಗೆ ಅಂಕ ಕೊಡುತ್ತಿದ್ದ. ಅವಳು ಬಡಿಸುತ್ತಾ ನಿಂತು ಕೇಳುತ್ತಿದ್ದಳು. ಅವಳಿಗೆ ಅದರಿಂದ ಸುಖವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕಾರ್ಖಾನೆಯಲ್ಲಿ ಅವನು ಹೇಗೋ ದಿನ ದೂಡುತ್ತಿದ್ದ. ಉಳಿದವರಿಂದ ಮೊದಲು ಹೇಳಿಸಿ, ತಾನು ಗಡ್ಡ ಕೆರೆದುಕೊಂಡು ಒಪ್ಪುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದ. ಕಲಿಸುವ ಕ್ರಮವೇ ಹಾಗೆಂದು ಅವರು ತಿಳಿದಿದ್ದರು.

ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಆರು ಬಾಟಲಿ ಬಂದವು. ಅಲ್ಲಿನ ಕೇಕ್ ಕಂಪನಿಯೊಂದಕ್ಕೆ ತಮ್ಮ ಕಡೆಯ ಒಂದು ಹಳೆಯ ಕಪ್ಪು ಏಲ್‌ನ ರುಚಿ ಕೇಕಿನಲ್ಲಿ ಬೇಕಿತ್ತು, ಮದ್ಯ ಮಾತ್ರ ಬೇಡ. ಏಲ್ ಎಂದರೆ ಬಿಯರಿನ ಜಾತಿಯದೇ. ಇದನ್ನು ಓಕ್ ಮರದ ಪೀಪಾಯಿಗಳಲ್ಲಿ ಎರಡು ವರ್ಷ ಕೂಡಿಟ್ಟು ತೆಗೆಯುತ್ತಾರೆ. ಅದರ ಎಸೆನ್ಸ್ ಮಾಡುವ ಕೆಲಸ, ಅಗ್ಗಕ್ಕೆ ಮಾಡುತ್ತಾರೆಂದು, ಒಂದು ಹನಿ ಮುಟ್ಟಿದರೂ ಅಪರಾಧವಾಗುವ ಊರಿಗೆ ಬಂತು. ಪಾನನಿಷೇಧದ ಇಲಾಖೆಯ ಪರವಾನಗಿ, ಮೊಹರು, ಬೀಗ ಎಲ್ಲ ಆದ ಮೇಲೆ ಮೊದಲ ಬಾಟಲಿ ಬಿಚ್ಚಿದರು. ರುಚಿಗಾರರಲ್ಲಿ ಒಬ್ಬಳು ವ್ರತವೆಂದು ರಜೆ ಹಾಕಿದಳು. ಉಳಿದ ನಾಲ್ವರು ಹುಟ್ಟಿದಾರಭ್ಯ ಮದ್ಯದ ವಾಸನೆ ಕಂಡವರಲ್ಲ. ಒಬ್ಬರು ಹುಣಿಸೆ ಖರ್ಜೂರದ ಚಟ್ನಿ ಕೆಟ್ಟಂತಿದೆ ಎಂದರು, ಇನ್ನೊಬ್ಬರು ಅಜ್ಜನ ಔಷಧ ಎಂದರು. ಹಾಲಪ್ಪ ಇಪ್ಪತ್ತೈದು ವರ್ಷದ ಹಿಂದಿನ ನೆನಪಿನಿಂದ ಒಂದು ಪುಟ ಬರೆದ. ಅದರಂತೆ ಮಾಡಿದ ಎಸೆನ್ಸ್ ಇಂಗ್ಲೆಂಡಿಗೆ ಹೋಯಿತು. ಕೆಮ್ಮಿನ ಔಷಧದ ಹಾಗಿದೆ ಎಂದು ಉತ್ತರ ಬಂತು. ನವೆಂಬರಿನಲ್ಲಿ ತಮ್ಮವರೊಬ್ಬರು ಬರುತ್ತಾರೆ, ಎದುರಿಗೇ ಮೂಸಿ ನೋಡುತ್ತಾರೆ, ಅದೇ ಕೊನೆ ಎಂದೂ ಬರೆದಿದ್ದರು.

ಮಾಲೀಕನ ಮಗ ನಿತೇಶ್ ಅಹಮದಾಬಾದಿನ ಬೋಡಕ್‌ದೇವ್ ಕಚೇರಿಯಲ್ಲಿ ಕೂರುತ್ತಿದ್ದ. ವಾಸನೆಗಳನ್ನು ಬೇರ್ಪಡಿಸಿ ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ ತರಿಸಬೇಕೆಂಬುದು ಅವನ ಆಸೆ. ಹಾಲಪ್ಪನನ್ನು ಕರೆಸಿ ಚಹಾ ಕೊಟ್ಟು ಮರ್ಯಾದೆಯಾಗಿಯೇ ಹೇಳಿದ. ಇದು ಸರಿಹೋಗದಿದ್ದರೆ ಯಂತ್ರ ಬರುತ್ತದೆ, ಅಂಕಲ್ ವಿಶ್ರಾಂತಿ ತೆಗೆದುಕೊಳ್ಳಬಹುದು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಇದ್ದ ಮನೆ ಕಂಪನಿಯದು. ಅದಕ್ಕಿಂತ ಹೆಚ್ಚಾಗಿ, ಹಾಲಪ್ಪನ ಬಳಿ ಮೂಗು ಬಿಟ್ಟರೆ ಬೇರೆ ಯಾವ ಹೆಸರೂ ಇರಲಿಲ್ಲ.

ಆ ಸಂಜೆ ಅವನು ಊಟದ ಡಬ್ಬಿಯ ಕೆಳಗಿನ ಅರೆಯಿಂದ ಕೆಮ್ಮಿನ ಔಷಧದ ಸೀಸೆಯೊಂದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಕಿಟಕಿ ಮುಚ್ಚಿ ಬಂದ. ಸೀಸೆಯ ಬಿರಡೆ ಬಿಗಿಯಾಗಿತ್ತು. ಆದರೂ ಒಳಗಿರುವುದು ಔಷಧವಲ್ಲ, ಇಂಗ್ಲೆಂಡಿನಿಂದ ಬಂದ ಏಲ್ ಎಂದು ಶಾಂತಾಳಿಗೆ ತಿಳಿಯಿತು.

'ಒಂದೀಟು ನೋಡಿ ಹೇಳು,' ಎಂದ.

'ಯಾಕ? ನಿಮ್ಮ ಮೂಗಿಗೆ ಏನಾಗೇತಿ?'

ಅವಳು ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಇಡೀ ಸೌತೆಕಾಯಿ ಮುಗಿಯಿತು.

'ಹೋಗೇತಿ,' ಎಂದ ಹಾಲಪ್ಪ.

'ಏನು ಹೋಗೇತಿ?'

'ಗೊತ್ತಿದ್ದೂ ಕೇಳ್ತಿ.'

'ನಿಮ್ಮ ಬಾಯಿಂದ ಕೇಳೂಣು ಅಂತ.'

'ವಾಸನಿ ಹತ್ತೂದಿಲ್ಲ ನನಗ. ಸ್ಕೂಟರಿಂದ ಬಿದ್ದಾಗಿಂದ.'

ಅವಳು ಇಳಿಗೆ ಮಣೆ ಸರಿಸಿ ಕೈ ಒರೆಸಿಕೊಂಡಳು. ಎಂಬತ್ತೊಂಬತ್ತರಲ್ಲಿ ಒಂಬತ್ತು ಕಾಟು ಬಿದ್ದವಳ ಮಾತು ಯಾವ ಕೆಲಸಕ್ಕೆ ಬಂದೀತು ಎಂದು ಕೇಳಿದಳು. ಹಾಲಪ್ಪ ಅವಳನ್ನು ನೋಡಲಿಲ್ಲ. ಆ ಹಾಳೆಯನ್ನು ಅವಳು ಕಂಡಿದ್ದಳೆಂಬುದು ಅವನಿಗೆ ಆಗಲೇ ತಿಳಿದದ್ದು. ಸೀಸೆಯ ಕಡೆ ನೋಡುತ್ತ ಹೇಳಿದ. 'ನೀ ಇಪ್ಪತ್ತಕ್ಕ ಇಪ್ಪತ್ತು ಹೇಳಿದ್ದಿ. ಹಿಂದಿನ ದಿನ ನಾ ಒಬ್ಬನ ಕುಂತು ಅವ ಲೋಟ ನೋಡಿದ್ದೆ. ನನಗ ಹದಿನಾರು ಬಂದಿತ್ತು.'

ತಪ್ಪಾಯಿತು ಎನ್ನಲಿಲ್ಲ. ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. ಜನ ಏನೆಂದಾರು ಎಂಬ ಅಂಜಿಕೆಯಿಂದ ಅಲ್ಲ, ತನಗಿಂತ ಹೆಚ್ಚು ಬಂತೆಂದು ಹೊಡೆದು ಹಾಕಿದ್ದ. ಶಾಂತಾ ಇದನ್ನು ಊಹಿಸಿರಲಿಲ್ಲ. ಆ ಗಳಿಗೆಯಲ್ಲಿ ಅವಳು ನಿರ್ಧರಿಸಿದಳು, ಮತ್ತು ಸೀಸೆಯನ್ನು ಹತ್ತಿರಕ್ಕೆಳೆದುಕೊಂಡಳು.

ಕೊರಳಲ್ಲಿ ಲಿಂಗವಿತ್ತು. ಅದನ್ನು ತೆಗೆದಿಡುವಂತಿಲ್ಲ, ಧರಿಸಿ ಕುಡಿಯುವಂತಿಲ್ಲ. ಬಾಯಿಗೆ ಹಾಕಿ ಉಗುಳಿದರೆ ಕುಡಿದಂತಲ್ಲ ಎಂದು ಅವಳೇ ಕಾನೂನು ಮಾಡಿಕೊಂಡು, ಉಗುಳಲು ಒಂದು ಹಳೆಯ ತಂಬಿಗೆ ಇಟ್ಟುಕೊಂಡಳು. ಹಾಲಪ್ಪ ನೆಲದ ಮೇಲೆ ಕಾಲು ಮಡಚಿ ಕೂತು ಹಾಳೆ ತೆಗೆದ.

ಗಾಜಿನ ಲೋಟದಲ್ಲಿ ಅದು ಕಾಕಂಬಿಯಷ್ಟು ಕಪ್ಪು ಕಂಡಿತು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಬ್ಯಾಡಗಿ ಕಾಯಿಯ ಸಿಪ್ಪೆಯ ಕೆಂಪು. ಬರೆದುಕೊಳ್ಳಿರಿ ಎಂದಳು. ಮೂಗಿಗೆ ಮೊದಲು ಬರುವುದು ಒಣದ್ರಾಕ್ಷಿ. ಹೊಸದಲ್ಲ, ಡಬ್ಬಿಯ ತಳದಲ್ಲಿ ವರ್ಷಗಟ್ಟಲೆ ಕೂತು ಒಂದಕ್ಕೊಂದು ಅಂಟಿದ ಕರಿದ್ರಾಕ್ಷಿ. ಅದರ ಹಿಂದೆ ಆಲೆಮನೆ. ಬೆಲ್ಲದ ಕೊಪ್ಪರಿಗೆ ಇಳಿಸಿದ ಮೇಲೆ ತಳಕ್ಕೆ ಹತ್ತಿದ್ದನ್ನು ಕೆರೆಯುವಾಗ ಬರುವ ವಾಸನೆ. ಬಾಯಿಗೆ ಹಾಕಿದರೆ ಹುಳಿ. ಅದು ಹುಣಿಸೆಯದಲ್ಲ, ನಿಂಬೆಯದೂ ಅಲ್ಲ. ಮೂರನೆಯ ದಿನದ ಜೋಳದ ಅಂಬಲಿಯ ಹುಳಿ, ಕೆಟ್ಟದ್ದೆಂದು ಚೆಲ್ಲಲು ಹೋಗಿ ಇಲ್ಲ ಸರಿಯಾಗಿದೆ ಎಂದು ಕುಡಿಯುವಂಥದ್ದು. ಹಾಲಪ್ಪ ತಲೆಯಾಡಿಸಿದ. ಹುಳಿ ಅವನ ನಾಲಿಗೆಗೂ ತಿಳಿದಿತ್ತು, ಅದು ಸರಕು ಕೆಟ್ಟ ಹುಳಿಯಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು. ಆಮೇಲೆ ಕಬ್ಬಿಣ, ಬಹುದಿನ ಹೊಡೆಯದ ಬೋರಿನ ಮೊದಲ ನೀರು. ಉಗುಳಿದ ಮೇಲೆ ನಾಲಿಗೆ ನೇರಳೆಹಣ್ಣು ತಿಂದಂತೆ ಬಿಗಿದು ಒರಟಾಯಿತು.

'ಇನ್ನ?' ಎಂದ ಹಾಲಪ್ಪ. 'ಇದೆಲ್ಲಾದರ ತಳದಾಗ ಏನೋ ಒಂದಿರತೈತಿ. ಅದು ಸಿಗದ ಉಳಿದದ್ದು ನಿಂದ್ರೂದಿಲ್ಲ. ನನಗ ಅದರ ನೆಪ್ಪು ಹಾರಿಹೋಗೇತಿ.'

ಅವಳಿಗೆ ಅದು ಮೊದಲ ಉಸಿರಿಗೇ ಸಿಕ್ಕಿತ್ತು. ಅದು ಕಟ್ಟಿಗೆ. ಮುಂಗಾರಿನ ಮೊದಲ ಮಳೆಯ ಮರುದಿನ ಗೋದಾಮಿನ ಬಾಗಿಲು ತೆಗೆದಾಗ, ನೆನೆದ ತೊಲೆಗಳಿಂದ ಇಳಿದು ಬರುತ್ತಿದ್ದ ವಾಸನೆ. ಅದರೊಳಗೊಂದು ಎಳೆ ಸಿಹಿ, ಕೊಬ್ಬರಿಯ ಹಾಗೆ. ಅಪ್ಪನ ಹಿಂದೆ ಚೀಲಗಳ ನಡುವೆ ನಡೆಯುತ್ತಿದ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

'ಹೊಗಿ,' ಎಂದಳು.

'ಹೊಗಿ?'

'ಹೂಂ. ಹಸಿ ಕಟಗಿ ಉರಿಯೂ ಹೊಗಿ.'

ಅವನು ಹೊಗೆ ಎಂದು ಬರೆದು ಕೆಳಗೆ ಗೆರೆ ಎಳೆದ.

ಅವಳಿಗೆ ತಾನು ಮಾಡಿದ್ದು ಚೆನ್ನಾಗಿ ಗೊತ್ತಿತ್ತು. ಹೊಗೆ ಸೇರಿದರೆ ಉಳಿದದ್ದೆಲ್ಲ ಸರಿಯಿದ್ದೂ ಹಾಳಾಗುತ್ತದೆ. ಇಂಗ್ಲೆಂಡಿನವನು ಮೂಸಿದ ಕೂಡಲೇ ಸೀಸೆ ಕೆಳಗಿಡುತ್ತಾನೆ. ಮನೆ ಹೋದರೆ ತನ್ನದೂ ಹೋಗುತ್ತದೆ ಎಂಬುದನ್ನೂ ಅವಳು ಲೆಕ್ಕ ಹಾಕಿದ್ದಳು. ಹೋಗಲಿ ಎಂದುಕೊಂಡಿದ್ದಳು.

ಹಾಲಪ್ಪ ಮೂರು ವಾರ ದುಡಿದ. ಊಟಕ್ಕೆ ಕೂತರೆ ಅಂಕ ಕೊಡುವುದನ್ನು ಬಿಟ್ಟಿದ್ದ. ಗುಟ್ಟು ಹೊರಬಿದ್ದ ಮೇಲೆ ಆ ನಾಟಕ ಬೇಕಿರಲಿಲ್ಲ. ಅವಳೂ ಅಡುಗೆಯಲ್ಲಿ ಏನಾದರೊಂದನ್ನು ಬಿಡುವುದನ್ನು ನಿಲ್ಲಿಸಿದಳು, ಅಂಕ ಕೊಡುವವನಿಲ್ಲದ ಮೇಲೆ ಅದರಲ್ಲೇನೂ ಉಳಿದಿರಲಿಲ್ಲ. ದೀಪಾವಳಿ ಹಾಗೇ ಕಳೆಯಿತು.

ಒಂದು ಭಾನುವಾರ ಮಧ್ಯಾಹ್ನ ಅವಳು ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತಂದಾಗ ಹಾಲಪ್ಪ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಸುತ್ತ ಅವಳ ಡಬ್ಬಿಗಳೆಲ್ಲ ಇಳಿದಿದ್ದವು. ಒಂದೊಂದನ್ನೇ ತೆರೆದು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಮೆಂತ್ಯ. ಲವಂಗ. ಒಣಶುಂಠಿ. ಪ್ರತಿಯೊಂದಕ್ಕೂ ಸಮನಾಗಿ ಕಾಯ್ದು, ಮುಚ್ಚಳ ಹಾಕಿ, ಬಲಗಡೆಗೆ ಇಡುತ್ತಿದ್ದ. ಇಂಗಿನ ಡಬ್ಬಿಗೆ ಬಂದಾಗ ಎರಡು ಸಲ ಮೂಸಿದ. ಚಿಟಿಕೆ ತೆಗೆದು ಮೂಗಿನೊಳಗೇ ತುರುಕಿಕೊಂಡ. ಕಣ್ಣಲ್ಲಿ ನೀರು ಬಂತು. ಅದು ಉರಿಗೆ ಬಂದ ನೀರು, ಅಷ್ಟೆ. ಅವನ ಮುಖ ಬದಲಾಗಲಿಲ್ಲ. ಆ ಡಬ್ಬಿಯೂ ಬಲಗಡೆಗೆ ಹೋಯಿತು. ಇನ್ನೂ ಹದಿನೇಳು ಡಬ್ಬಿ ಉಳಿದಿದ್ದವು, ಅವನು ಕೈ ಚಾಚಿ ಮುಂದಿನದನ್ನು ತೆಗೆದುಕೊಂಡ.

ಶಾಂತಾ ಸದ್ದಾಗದಂತೆ ಹಿಂದೆ ಸರಿದು ಬಟ್ಟೆ ಮಡಚಲು ಹೋದಳು. ಕನಿಕರ ಬಂತೆಂದು ಹೇಳಿದರೆ ಸುಳ್ಳಾದೀತು. ಇವನಿಗೆ ಇದೇ ಆಗಬೇಕಿತ್ತು ಎಂದೇ ಅವಳ ಮನಸ್ಸು ಅಂದುಕೊಂಡಿತು, ಮತ್ತು ಆ ರಾತ್ರಿ ಅವಳು ಎಂದಿನಂತೆ ಉಂಡು ಮಲಗಿ ನಿದ್ದೆ ಮಾಡಿದಳು.

ಇಂಗ್ಲೆಂಡಿನವನು ಬರುವುದಕ್ಕೆ ಮೂರು ದಿನ ಮೊದಲು, ಸಂಜೆ ಹಾಲಪ್ಪ ತಯಾರಾದ ಎಸೆನ್ಸನ್ನು ಚಿಕ್ಕ ಸೀಸೆಯಲ್ಲಿ ತಂದ. ಪಕ್ಕದಲ್ಲಿ ನಿಜವಾದ ಏಲ್‌ನ ಉಳಿದ ನಾಲ್ಕು ಗುಟುಕು. ಅವಳ ಮಾತುಗಳನ್ನು ಬರೆದುಕೊಂಡಿದ್ದ ಹಾಳೆಯನ್ನು ಎದುರಿಗೆ ಹರಡಿದ. ಒಂದೊಂದು ಸಾಲಿನ ಮುಂದೂ ಯಾವ ರಾಸಾಯನಿಕ, ಎಷ್ಟು ಹನಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಡಬ್ಬಿಯ ತಳದ ದ್ರಾಕ್ಷಿ, ಕೊಪ್ಪರಿಗೆ ಕೆರೆದದ್ದು, ಮೂರನೆಯ ದಿನದ ಅಂಬಲಿ, ಬೋರಿನ ನೀರು. ಅವಳು ಆಡಿದ ಒಂದು ಶಬ್ದವನ್ನೂ ಅವನು ತಿದ್ದಿರಲಿಲ್ಲ.

'ಎರಡೂ ಒಂದ ಅದಾವೇನು ನೋಡು,' ಎಂದ. 'ನೀ ಹೂಂ ಅಂದ್ರ ಹಿಂಗ ಒಯ್ತೀನಿ.'

ಅವಳು ಎಸೆನ್ಸನ್ನು ಮೂಸಿದಳು. ದ್ರಾಕ್ಷಿಯಿತ್ತು, ಬೆಲ್ಲವಿತ್ತು. ಎಲ್ಲದರ ಮೇಲೂ ಒದ್ದೆ ಒಲೆಯ ಹೊಗೆ ಮುಚ್ಚಿಕೊಂಡಿತ್ತು. ಕಾರ್ಖಾನೆಯ ನಾಲ್ವರಿಗೂ ಅದು ಸರಿಯಾಗಿಯೇ ಕಂಡಿದೆ ಎಂದು ಹಾಲಪ್ಪ ಹೇಳಿದ. ಒಂದು ಹೂಂ ಸಾಕಾಗಿತ್ತು. ಅವನು ಪೆನ್ನು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. ಎಂಬತ್ತೊಂಬತ್ತರಲ್ಲಿ ಫಲಿತಾಂಶ ಓದುವ ಮೊದಲು ಆ ಮೂವತ್ತು ಹೆಂಗಸರು ಅವನ ಮುಖವನ್ನು ಹಾಗೇ ನೋಡಿದ್ದರು.

ಅವಳು ಏಲ್‌ನ ಲೋಟ ಎತ್ತಿ ಇನ್ನೊಮ್ಮೆ ಮೂಸಿ ಕೆಳಗಿಟ್ಟಳು. ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಗೆರೆ ಎಳೆದಿದ್ದ ಹೊಗೆ ಎಂಬ ಶಬ್ದವನ್ನು, ಅದು ಇನ್ನೂ ಓದಲು ಬರುವಂತೆ, ಒಂದೇ ಕಾಟಿನಿಂದ ಹೊಡೆದಳು. ಪಕ್ಕದಲ್ಲಿ ತನ್ನ ಅಕ್ಷರದಲ್ಲಿ ನೆನೆದ ಕಟ್ಟಿಗೆ, ಒಂದೆಳೆ ಕೊಬ್ಬರಿ ಎಂದು ಬರೆದು, ಅವನು ಓದಲೆಂದು ಹಾಳೆಯನ್ನು ಅವನ ಮುಂದಕ್ಕೆ ತಳ್ಳಿದಳು.